ನೂರು ತುಂಬದ ಪರಂಪರೆ

2023ರ ಜನವರಿ 10ರಂದು ಸುಪ್ರೀಂ ಕೋರ್ಟು ಚಂಡೀಗಢದ ಮನೆಗಳ ಬಗ್ಗೆ ಒಂದು ಸುದೀರ್ಘ ತೀರ್ಪು ಕೊಟ್ಟಿತು. ಒಂದೇ ಕುಟುಂಬಕ್ಕೆಂದು ಹಂಚಿದ್ದ ನಿವೇಶನದಲ್ಲಿ ಮೂರು ಅಂತಸ್ತು ಎಬ್ಬಿಸಿ, ಅಂತಸ್ತಿಗೊಬ್ಬರಂತೆ ಮೂವರಿಗೆ ಮಾರುವ ರೂಢಿ ಅಲ್ಲಿ ಬೆಳೆದಿತ್ತು. ಅದನ್ನು ನಿಲ್ಲಿಸಬೇಕೆಂದು ನ್ಯಾಯಮೂರ್ತಿಗಳಾದ ಬಿ.ಆರ್. ಗವಾಯಿ ಮತ್ತು ಬಿ.ವಿ. ನಾಗರತ್ನ ಅವರ ಪೀಠ ಆದೇಶಿಸಿತು. ಆ ತೀರ್ಪಿನಲ್ಲಿ ಬೆಂಗಳೂರಿನ ಹೆಸರೂ ಬರುತ್ತದೆ. ಉದ್ಯಾನನಗರಿ ಎನಿಸಿಕೊಂಡಿದ್ದ ಊರು ಅಡ್ಡಾದಿಡ್ಡಿ ಬೆಳವಣಿಗೆಯಿಂದ ಹೇಗೆ ಹಾಳಾಯಿತು ಎಂದು ವಿವರಿಸಿದ ‘ಇಂಡಿಯಾ ಟುಡೇ’ ಲೇಖನವೊಂದನ್ನು ಪೀಠ ಪ್ರಸ್ತಾಪಿಸಿತು. ಬೆಂಗಳೂರು ಕೊಟ್ಟ ಎಚ್ಚರಿಕೆಯನ್ನು ಶಾಸಕಾಂಗ, ಕಾರ್ಯಾಂಗಗಳೆರಡೂ ಗಮನಿಸಬೇಕು ಎಂದು ಹೇಳಿತು.

ಕನ್ನಡಿಗರಿಗೆ ಇರುಸುಮುರುಸಾಗುವ ಮಾತು ಇದು. ಆದರೆ ಆ ತೀರ್ಪಿನ ಮಹತ್ವ ಇನ್ನೊಂದು ಕಡೆ ಇದೆ. ದೇಶದ ಅತ್ಯುನ್ನತ ನ್ಯಾಯಾಲಯ ಕಾಪಾಡಹೊರಟದ್ದು ದೇವಸ್ಥಾನವನ್ನಲ್ಲ, ಕೋಟೆಯನ್ನಲ್ಲ, ಬ್ರಿಟಿಷರ ಕಾಲದ ಬಂಗಲೆಯನ್ನೂ ಅಲ್ಲ. ಸ್ವಾತಂತ್ರ್ಯ ಬಂದ ಮೇಲೆ ಇಟ್ಟಿಗೆ, ಕಾಂಕ್ರೀಟುಗಳಲ್ಲಿ ಕಟ್ಟಿದ, ಇನ್ನೂ ಎಂಬತ್ತು ವರ್ಷವೂ ತುಂಬದ ಒಂದು ಬಡಾವಣೆಯ ಸ್ವರೂಪವನ್ನು. ಇಂಥದ್ದನ್ನು ಪರಂಪರೆ ಎಂದು ಕರೆಯಬಹುದೇ? ಕರೆದರೆ, ಅದರಲ್ಲಿ ಯಾವುದನ್ನು ಉಳಿಸಬೇಕು, ಯಾರಿಗಾಗಿ, ಹೇಗೆ? 1950ರಿಂದ 1970ರ ದಶಕದವರೆಗಿನ ಆಧುನಿಕ ವಾಸ್ತುಶಿಲ್ಪ ದೇಶದುದ್ದಕ್ಕೂ ಕುಸಿಯುತ್ತಿರುವ, ಕೆಡವಲ್ಪಡುತ್ತಿರುವ ಈ ಹೊತ್ತಿನಲ್ಲಿ ಈ ಪ್ರಶ್ನೆಗಳ ಪೂರ್ತಿ ಹರವು ಕಾಣಸಿಗುವುದು ಚಂಡೀಗಢದಲ್ಲಿ.

ಊರು ಹುಟ್ಟಿದ ಬಗೆ

ದೇಶ ವಿಭಜನೆಯಾದಾಗ ಪಂಜಾಬಿನ ರಾಜಧಾನಿ ಲಾಹೋರ್ ಪಾಕಿಸ್ತಾನಕ್ಕೆ ಹೋಯಿತು. ಭಾರತದ ಪಾಲಿನ ಪಂಜಾಬಿಗೆ ರಾಜಧಾನಿ ಇಲ್ಲ. ಬೀದಿಪಾಲಾಗಿ ಬಂದ ಲಕ್ಷಾಂತರ ಜನರಿಗೆ ಸೂರಿಲ್ಲ. ಶಿವಾಲಿಕ್ ಬೆಟ್ಟಗಳ ಬುಡದಲ್ಲಿ, ಮಾವಿನ ತೋಪುಗಳ ನಡುವಿನ ಹಳ್ಳಿಗಳ ಜಮೀನನ್ನು ಸರ್ಕಾರ ವಶಪಡಿಸಿಕೊಂಡಿತು. ಮೊದಲ ನಕ್ಷೆ ಬರೆದವರು ಅಮೆರಿಕದ ಆಲ್ಬರ್ಟ್ ಮೇಯರ್ ಮತ್ತು ಪೋಲೆಂಡ್ ಮೂಲದ ಮ್ಯಾಥ್ಯೂ ನೊವಿಟ್ಸ್ಕಿ. 1950ರ ಆಗಸ್ಟ್‌ನಲ್ಲಿ ನೊವಿಟ್ಸ್ಕಿ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಆಡಳಿತಾಧಿಕಾರಿ ಪಿ.ಎನ್. ಥಾಪರ್ ಮತ್ತು ಎಂಜಿನಿಯರ್ ಪಿ.ಎಲ್. ವರ್ಮಾ ಹೊಸಬರನ್ನು ಹುಡುಕಿಕೊಂಡು ಯುರೋಪಿಗೆ ಹೋದರು. ಹಾಗೆ ಒಪ್ಪಿ ಬಂದವರು ಲ ಕಾರ್ಬೂಸಿಯೆ, ಅವರ ದಾಯಾದಿ ಪಿಯೆರ್ ಜಾನ್‌ರೆ, ಇಂಗ್ಲೆಂಡಿನ ದಂಪತಿ ಮ್ಯಾಕ್ಸ್‌ವೆಲ್ ಫ್ರೈ ಮತ್ತು ಜೇನ್ ಡ್ರೂ.

ಚಂಡೀಗಢವೆಂದರೆ ಲ ಕಾರ್ಬೂಸಿಯೆ ಎನ್ನುವುದು ವಾಡಿಕೆ. ನಗರದ ಒಟ್ಟು ನಕ್ಷೆ, ಕ್ಯಾಪಿಟಲ್ ಸಂಕೀರ್ಣದ ಹೈಕೋರ್ಟು, ಸಚಿವಾಲಯ, ವಿಧಾನಸಭೆಗಳು ಅವರವೇ. ಆದರೆ ಜನ ಬದುಕಿದ ಚಂಡೀಗಢವನ್ನು ರೂಪಿಸಿದವರು ಉಳಿದವರು. ಫ್ರೈ, ಡ್ರೂ ಮೂರು ವರ್ಷ ಅಲ್ಲೇ ನೆಲೆಸಿ ಮನೆ, ಶಾಲೆ, ಅಂಗಡಿಸಾಲುಗಳನ್ನು ಬರೆದರು. ಜಾನ್‌ರೆ 1965ರವರೆಗೂ ಊರು ಬಿಡಲಿಲ್ಲ; 1967ರಲ್ಲಿ ಅವರು ತೀರಿಕೊಂಡಾಗ ಅವರ ಆಸೆಯಂತೆ ಚಿತಾಭಸ್ಮವನ್ನು ತಂದು ಸುಖ್ನಾ ಕೆರೆಯಲ್ಲಿ ಬಿಟ್ಟರು. ಅವರ ಜೊತೆ ದುಡಿದ ಎಂ.ಎನ್. ಶರ್ಮಾ, ಊರ್ಮಿಳಾ ಯೂಲಿ ಚೌಧರಿ, ಆದಿತ್ಯ ಪ್ರಕಾಶ್, ಜೀತ್ ಮಲ್ಹೋತ್ರ, ಬಿ.ಪಿ. ಮಾಥುರ್ ಮೊದಲಾದ ಭಾರತೀಯರ ತಂಡಕ್ಕೆ ಆಗಿನ್ನೂ ಎಳೆವಯಸ್ಸು. ಸ್ವತಂತ್ರ ದೇಶದ ಮೊದಲ ತಲೆಮಾರಿನ ವಾಸ್ತುಶಿಲ್ಪಿಗಳಲ್ಲಿ ಹಲವರು ಪಳಗಿದ್ದು ಈ ಕಟ್ಟೋಣದಲ್ಲಿ.

ಊರನ್ನು ಹೆಚ್ಚುಕಡಿಮೆ 800 ಮೀಟರ್ ಅಗಲ, 1,200 ಮೀಟರ್ ಉದ್ದದ ಸೆಕ್ಟರುಗಳಾಗಿ ಹಂಚಲಾಯಿತು. ಪ್ರತಿ ಸೆಕ್ಟರಿನಲ್ಲೂ ಶಾಲೆ, ಅಂಗಡಿ, ಆಸ್ಪತ್ರೆ, ಉದ್ಯಾನ. ಮೊದಲ ಹಂತದಲ್ಲಿ ಒಂದರಿಂದ ಮೂವತ್ತರವರೆಗಿನ ಸೆಕ್ಟರುಗಳು, ಒಂದೂವರೆ ಲಕ್ಷ ಜನ. ಎರಡನೆಯ ಹಂತ ಸೇರಿದರೆ ಐದು ಲಕ್ಷ. ಸಿಮೆಂಟು, ಉಕ್ಕು ದುಬಾರಿಯಾಗಿದ್ದ ಕಾಲವಾದ್ದರಿಂದ ಮನೆಗಳನ್ನು ಸ್ಥಳೀಯ ಇಟ್ಟಿಗೆಯಲ್ಲೇ ಕಟ್ಟಿದರು. ಬಿಸಿಲು ಒಳಗೆ ಬಾರದಂತೆ, ಗಾಳಿ ಮಾತ್ರ ಆಡುವಂತೆ ಗೋಡೆಯಲ್ಲಿ ಇಟ್ಟಿಗೆಯದೇ ಜಾಲಂಧ್ರ ಬಿಟ್ಟರು. ಕಿಟಕಿಗಳ ಮೇಲೆ ಆಳವಾದ ಸಜ್ಜಾ ಇಳಿಸಿದರು. ಹವಾನಿಯಂತ್ರಣ ಕನಸಿನಲ್ಲೂ ಇಲ್ಲದಿದ್ದಾಗ ಪಂಜಾಬಿನ ಬೇಸಿಗೆಯನ್ನು ಎದುರಿಸಲು ಕಂಡುಕೊಂಡ ಉಪಾಯಗಳು ಇವು.

66 ಹೆಕ್ಟೇರಿನ ಗೆರೆ

2016ರ ಜುಲೈನಲ್ಲಿ ಇಸ್ತಾಂಬುಲ್‌ನಲ್ಲಿ ಸೇರಿದ್ದ ಯುನೆಸ್ಕೊ ಸಮಿತಿ ಲ ಕಾರ್ಬೂಸಿಯೆಯ 17 ನಿರ್ಮಾಣಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಏಳು ದೇಶಗಳಲ್ಲಿ ಹರಡಿಕೊಂಡ ಆ ಹದಿನೇಳರಲ್ಲಿ ಚಂಡೀಗಢದ ಕ್ಯಾಪಿಟಲ್ ಸಂಕೀರ್ಣವೂ ಒಂದು. ಇದೇ ಪ್ರಸ್ತಾವ 2009 ಮತ್ತು 2011ರಲ್ಲಿ ಮುಂದೆ ಹೋಗಿತ್ತು. ಆರಂಭದ ಪ್ರಸ್ತಾವದಿಂದ ಭಾರತ ತಾನಾಗಿ ಹಿಂದೆ ಸರಿದೂ ಇತ್ತು. ಪರಂಪರೆಯ ಪಟ್ಟ ಬಂದರೆ ಊರಿನ ಬೆಳವಣಿಗೆಗೆ ಕೈಕಟ್ಟಿದಂತಾಗುತ್ತದೆ ಎಂಬ ಅಳುಕು ಆಡಳಿತದಲ್ಲಿತ್ತು.

ಪಟ್ಟಿಗೆ ಸೇರಿದ್ದು 66 ಹೆಕ್ಟೇರಿನ ಕ್ಯಾಪಿಟಲ್ ಮಾತ್ರ. 114 ಚದರ ಕಿಲೋಮೀಟರ್ ಹರಡಿರುವ ಕೇಂದ್ರಾಡಳಿತ ಪ್ರದೇಶದಲ್ಲಿ ಅದು ಒಂದು ಮೂಲೆ. ಬ್ರೆಜಿಲ್‌ನ ಬ್ರಸೀಲಿಯಾದ ಜೊತೆ ಹೋಲಿಸಿದರೆ ವ್ಯತ್ಯಾಸ ಎದ್ದು ಕಾಣುತ್ತದೆ. ಅದೂ ಬಯಲಿನಲ್ಲಿ ಹೊಸದಾಗಿ ಕಟ್ಟಿದ ರಾಜಧಾನಿಯೇ, 1960ರಲ್ಲಿ ಉದ್ಘಾಟನೆಯಾದದ್ದು. 1987ರಲ್ಲಿ ಯುನೆಸ್ಕೊ ಅದನ್ನು ಪಟ್ಟಿಗೆ ಸೇರಿಸಿದಾಗ ಬೇರೆ ಬೇರೆ ಕಟ್ಟಡಗಳನ್ನು ಆಯ್ದುಕೊಳ್ಳಲಿಲ್ಲ. ಲೂಸಿಯೊ ಕೋಸ್ಟಾ ಬರೆದ ನಗರಯೋಜನೆಯನ್ನೇ ಪರಂಪರೆ ಎಂದು ಗುರುತಿಸಿತು. ಊರಿಗೆ ಆಗ ಇಪ್ಪತ್ತೇಳೇ ವರ್ಷ.

ಚಂಡೀಗಢದಲ್ಲಿ ಗೆರೆಯ ಒಳಗಿನದಕ್ಕೆ ಜಗತ್ತಿನ ಕಾವಲಿದೆ. ಗೆರೆಯ ಹೊರಗೆ ನೌಕರರ ಮನೆಗಳು, ಶಾಲೆಗಳು, ಸಿನಿಮಾ ಮಂದಿರಗಳು, ಮಾರುಕಟ್ಟೆಯ ಕಂಬಸಾಲುಗಳು, ಕಚೇರಿಯ ಮೇಜು ಕುರ್ಚಿಗಳು ಇವೆ. ನಗರ ಆಡಳಿತಕ್ಕೆ ತನ್ನದೇ ಪರಂಪರಾ ಸಂರಕ್ಷಣಾ ಸಮಿತಿ ಇದೆ, ಕಟ್ಟಡಗಳ ಪಟ್ಟಿಯೂ ಇದೆ. ಆದರೂ ಸದ್ದಿಲ್ಲದೆ ಕರಗುತ್ತಿರುವುದು ಈ ಹೊರಗಿನ ಚಂಡೀಗಢವೇ. ಸೆಕ್ಟರ್ 17ರ ಚೌಕದಲ್ಲಿ ಆದಿತ್ಯ ಪ್ರಕಾಶ್ ರೂಪಿಸಿದ ನೀಲಂ ಚಿತ್ರಮಂದಿರ ಇನ್ನೂ ನಿಂತಿದೆ. ಅದೇ ಸೆಕ್ಟರಿನ ಕೆ.ಸಿ. ಚಿತ್ರಮಂದಿರವನ್ನು ಕೆಡವಿಯಾಗಿದೆ.

ವಯಸ್ಸಿನ ಲೆಕ್ಕಾಚಾರ

ಭಾರತದ ಕಾನೂನು ಪರಂಪರೆಯನ್ನು ಅಳೆಯುವುದು ವಯಸ್ಸಿನಿಂದ. 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಯ ಪ್ರಕಾರ ಸ್ಮಾರಕವಾಗಲು ಕಟ್ಟಡಕ್ಕೆ ನೂರು ವರ್ಷ ತುಂಬಿರಬೇಕು. 1972ರ ಪುರಾವಸ್ತು ಕಾಯ್ದೆಯೂ ವಸ್ತುಗಳಿಗೆ ನೂರು ವರ್ಷವನ್ನೇ ಕೇಳುತ್ತದೆ, ಹಸ್ತಪ್ರತಿಗಳಿಗೆ ಎಪ್ಪತ್ತೈದು. ಈ ಲೆಕ್ಕದಲ್ಲಿ ಚಂಡೀಗಢದ ಹೈಕೋರ್ಟು ರಾಷ್ಟ್ರೀಯ ಸ್ಮಾರಕವಾಗಲು 2055ರವರೆಗೆ ಕಾಯಬೇಕು.

ಕಾಯುವಷ್ಟು ಕಾಲ ಕಟ್ಟಡ ಉಳಿದರೆ ತಾನೆ? ದೆಹಲಿಯ ಪ್ರಗತಿ ಮೈದಾನದ ಹಾಲ್ ಆಫ್ ನೇಷನ್ಸ್ ಕಥೆ ಇದಕ್ಕೆ ಸಾಕ್ಷಿ. ಸ್ವಾತಂತ್ರ್ಯದ ಬೆಳ್ಳಿಹಬ್ಬದ ಹೊತ್ತಿಗೆ, 1972ರ ಏಷ್ಯಾ ವಾಣಿಜ್ಯ ಮೇಳಕ್ಕೆಂದು ವಾಸ್ತುಶಿಲ್ಪಿ ರಾಜ್ ರೇವಾಲ್ ಮತ್ತು ಎಂಜಿನಿಯರ್ ಮಹೇಂದ್ರ ರಾಜ್ ಅದನ್ನು ಕಟ್ಟಿದ್ದರು. ನಡುವೆ ಒಂದೂ ಕಂಬವಿಲ್ಲದ, ಎಪ್ಪತ್ತು ಮೀಟರಿಗೂ ಮಿಕ್ಕಿದ ಅಗಲದ ಆ ಸಭಾಂಗಣದ ಹಂದರವನ್ನು ಬೇರೆ ದೇಶದಲ್ಲಾದರೆ ಉಕ್ಕಿನ ಕೊಳವೆಗಳಿಂದ ಜೋಡಿಸುತ್ತಿದ್ದರು. ಇಲ್ಲಿ ಉಕ್ಕು ದುಬಾರಿ, ಕೈಗಳು ಅಗ್ಗ. ಹಾಗಾಗಿ ಇಡೀ ಹಂದರವನ್ನು ಕಾಂಕ್ರೀಟಿನಲ್ಲಿ, ಸ್ಥಳದಲ್ಲೇ, ಕೈಯಿಂದ ಎರಕ ಹೊಯ್ದರು. ಮಹೇಂದ್ರ ರಾಜ್ ತಮ್ಮ ಕೆಲಸ ಕಲಿತದ್ದು ಚಂಡೀಗಢದ ಕಟ್ಟಡಗಳ ಮೇಲೆ ಎಂಬುದೂ ಇಲ್ಲಿ ನೆನೆಯಬೇಕಾದ ಸಂಗತಿ.

ಅದನ್ನು ಉಳಿಸಬೇಕೆಂದು ಪರಂಪರೆಯ ಸಂರಕ್ಷಣೆಗೆ ದುಡಿಯುವ ಇಂಟ್ಯಾಕ್ ಸಂಸ್ಥೆ, ವಾಸ್ತುಶಿಲ್ಪಿಗಳು, ಹೊರದೇಶದ ವಸ್ತುಸಂಗ್ರಹಾಲಯಗಳು ಕೇಳಿಕೊಂಡವು. ಅರವತ್ತು ವರ್ಷ ದಾಟಿದ ಕಟ್ಟಡಗಳನ್ನಷ್ಟೇ ಪರಿಗಣಿಸುವುದಾಗಿ ದೆಹಲಿಯ ಪರಂಪರಾ ಸಮಿತಿ ಹೇಳಿತು. ಹಾಲ್ ಆಫ್ ನೇಷನ್ಸ್‌ಗೆ ನಲವತ್ತೈದು. 2017ರ ಏಪ್ರಿಲ್ 20ರಂದು ದೆಹಲಿ ಹೈಕೋರ್ಟು ಅರ್ಜಿಯನ್ನು ತಳ್ಳಿಹಾಕಿತು. 23ರ ರಾತ್ರಿ ಬುಲ್ಡೋಜರುಗಳು ಒಳನುಗ್ಗಿದವು. ಐದು ವರ್ಷಗಳ ನಂತರ ನ್ಯೂಯಾರ್ಕಿನ ಆಧುನಿಕ ಕಲೆಯ ವಸ್ತುಸಂಗ್ರಹಾಲಯ ದಕ್ಷಿಣ ಏಷ್ಯಾದ ಸ್ವಾತಂತ್ರ್ಯೋತ್ತರ ವಾಸ್ತುಶಿಲ್ಪದ ದೊಡ್ಡ ಪ್ರದರ್ಶನ ಏರ್ಪಡಿಸಿದಾಗ, ದೆಹಲಿಯಲ್ಲಿ ಇಲ್ಲವಾದ ಆ ಸಭಾಂಗಣಕ್ಕೆ ಅಲ್ಲಿ ಗೌರವದ ಜಾಗ ಸಿಕ್ಕಿತು.

ಬೇರೆ ದೇಶಗಳು ಈ ಅಳತೆಗೋಲನ್ನು ಬದಲಿಸಿಕೊಂಡಿವೆ. ಅಮೆರಿಕದ ರಾಷ್ಟ್ರೀಯ ದಾಖಲೆಗೆ ಸಾಮಾನ್ಯವಾಗಿ ಐವತ್ತು ವರ್ಷ ಸಾಕು. ಇಂಗ್ಲೆಂಡಿನಲ್ಲಿ ಮೂವತ್ತು, ಕಟ್ಟಡ ಅಸಾಧಾರಣವೆನಿಸಿದರೆ ಅದಕ್ಕೂ ಮುಂಚೆಯೇ ರಕ್ಷಣೆ ಕೊಡಬಹುದು. ಹಾಗೆಂದು ಅಲ್ಲೆಲ್ಲ ಎಲ್ಲವೂ ಉಳಿದಿಲ್ಲ. ಲಂಡನ್ನಿನ ರಾಬಿನ್ ಹುಡ್ ಗಾರ್ಡನ್ಸ್ ವಸತಿ ಸಮುಚ್ಚಯ ನೆಲಸಮವಾಯಿತು. ಟೋಕಿಯೊದ ನಕಾಗಿನ್ ಕ್ಯಾಪ್ಸೂಲ್ ಟವರನ್ನು 2022ರಲ್ಲಿ ಬಿಚ್ಚಿಹಾಕಿದರು. ಆದರೆ ಅಲ್ಲಿ ಒಂದು ಕಟ್ಟಡ ಹೋಗುವ ಮುನ್ನ ಅದರ ಯೋಗ್ಯತೆಯ ಬಗ್ಗೆ ವಾದ ನಡೆಯುತ್ತದೆ. ನಮ್ಮಲ್ಲಿ ವಾದ ಹುಟ್ಟಿದ ವರ್ಷದ ದಾಖಲೆಯಲ್ಲೇ ಮುಗಿದುಹೋಗುತ್ತದೆ. ಕಟ್ಟಡಗಳು ಬೀಳುವುದು ಹೆಚ್ಚಾಗಿ ನಲವತ್ತರಿಂದ ಎಪ್ಪತ್ತರ ವಯಸ್ಸಿನಲ್ಲಿ: ಮೊದಲ ದೊಡ್ಡ ದುರಸ್ತಿಯ ಖರ್ಚು ಎದುರಾದಾಗ, ನೆಲದ ಬೆಲೆ ಕಟ್ಟಡದ ಬೆಲೆಯನ್ನು ಮೀರಿದಾಗ. ಸರಿಯಾಗಿ ಅದೇ ವಯಸ್ಸಿನಲ್ಲಿ ಕಾನೂನು ಕೈಬಿಟ್ಟಿರುತ್ತದೆ.

ಗುಜರಿಗೆ ಹೋದ ಕುರ್ಚಿ

ಕಟ್ಟಡಗಳ ಜೊತೆಗೆ ಊರಿನ ಪೀಠೋಪಕರಣಗಳನ್ನೂ ಚಂಡೀಗಢದ ತಂಡವೇ ರೂಪಿಸಿತ್ತು. ಸಾವಿರಾರು ಗುಮಾಸ್ತರು, ನ್ಯಾಯಾಧೀಶರು, ವಿದ್ಯಾರ್ಥಿಗಳು ಕೂರಬೇಕಿತ್ತು, ಕೊಳ್ಳಲು ಹಣವಿರಲಿಲ್ಲ. ಜಾನ್‌ರೆ ತಮ್ಮ ಭಾರತೀಯ ಸಹೋದ್ಯೋಗಿಗಳ ಜೊತೆ ಕೂತು ತೇಗದ ಮರ ಮತ್ತು ಹೆಣೆದ ಬೆತ್ತದ ಕುರ್ಚಿಗಳನ್ನು ಬರೆದರು. ಇಂಗ್ಲಿಷಿನ ವಿ ಅಕ್ಷರವನ್ನು ತಲೆಕೆಳಗೆ ಮಾಡಿ ನಿಲ್ಲಿಸಿದಂಥ ಕಾಲುಗಳು ಅವುಗಳ ಗುರುತು. ಊರ ಬಡಗಿಗಳು ಅವನ್ನು ರಾಶಿರಾಶಿಯಾಗಿ ಮಾಡಿಕೊಟ್ಟರು. ಯಾವ ಕಚೇರಿಯದೆಂದು ತಿಳಿಯಲು ಬೆನ್ನ ಮೇಲೆ ಬಣ್ಣದಲ್ಲಿ ಅಕ್ಷರ, ಸಂಖ್ಯೆ ಬರೆದರು.

ನಾಲ್ಕು ದಶಕ ಕಳೆಯಿತು. ಬೆತ್ತ ಹರಿಯಿತು, ಕಾಲು ಅಲುಗಾಡಿತು. ಕಚೇರಿಗಳಿಗೆ ಉಕ್ಕಿನ, ಪ್ಲಾಸ್ಟಿಕ್ಕಿನ ಕುರ್ಚಿಗಳು ಬಂದವು. ಹಳೆಯವು ತಾರಸಿಗಳ ಮೇಲೆ, ಮೆಟ್ಟಿಲಿನಡಿ ಗುಡ್ಡೆಬಿದ್ದವು. ಆಮೇಲೆ ಗುಜರಿ ಲೆಕ್ಕದಲ್ಲಿ ಹರಾಜಾದವು. 1990ರ ದಶಕದ ಕೊನೆಯಿಂದ ಯುರೋಪಿನ ಮಾರಾಟಗಾರರು ಬಂದು ಅವನ್ನು ಲಾರಿಗಟ್ಟಲೆ ಕೊಂಡೊಯ್ದು, ರಿಪೇರಿ ಮಾಡಿ, ಪ್ಯಾರಿಸ್, ಲಂಡನ್, ನ್ಯೂಯಾರ್ಕುಗಳ ಹರಾಜುಕಟ್ಟೆಗಳಲ್ಲಿ ಲಕ್ಷಗಟ್ಟಲೆ ರೂಪಾಯಿಗೆ ಮಾರಿದರು. ಬೆನ್ನಮೇಲಿನ ಕಚೇರಿ ಸಂಖ್ಯೆಯೇ ಅಸಲಿತನದ ಮುದ್ರೆಯಾಯಿತು. ಅಮೆರಿಕದ ಕಲಾವಿದೆ ಏಮಿ ಸೀಗಲ್ 2013ರಲ್ಲಿ ಮಾಡಿದ ‘ಪ್ರೊವೆನೆನ್ಸ್’ ಎಂಬ ಚಿತ್ರ ಈ ಕುರ್ಚಿಗಳ ಪಯಣವನ್ನು ಹಿಂದುಮುಂದಾಗಿ ತೋರಿಸುತ್ತದೆ: ಶ್ರೀಮಂತರ ಮನೆಯಿಂದ ಹೊರಟು, ಹರಾಜು, ರಿಪೇರಿ, ಹಡಗುಗಳ ಮೂಲಕ ಕೊನೆಗೆ ಚಂಡೀಗಢದ ಕಚೇರಿಗಳಿಗೆ.

2011ರಲ್ಲಿ ಕೇಂದ್ರ ಗೃಹ ಸಚಿವಾಲಯ ಈ ಪೀಠೋಪಕರಣಗಳ ವಿಲೇವಾರಿಗೆ ತಡೆಹಾಕಿತು. ಎಣಿಕೆ ನಡೆದಾಗ ಹನ್ನೆರಡು ಸಾವಿರಕ್ಕೂ ಹೆಚ್ಚು ವಸ್ತುಗಳು ಊರಿನಲ್ಲಿ ಉಳಿದಿರುವುದು ಕಂಡುಬಂತು. ಆದರೂ ವಿದೇಶದ ಹರಾಜುಗಳು ನಿಂತಿಲ್ಲ. ಸರ್ಕಾರವೇ ಹರಾಜು ಹಾಕಿ, ರಸೀದಿ ಕೊಟ್ಟು ಮಾರಿದ ವಸ್ತುವನ್ನು ಕದ್ದ ಮಾಲೆಂದು ವಾಪಸು ಕೇಳುವುದು ಹೇಗೆ? ನೂರು ವರ್ಷ ತುಂಬದ್ದರಿಂದ ಅದು ಪುರಾವಸ್ತುವೂ ಅಲ್ಲ.

ಈ ಪ್ರಸಂಗದಲ್ಲಿ ಹೊರಗಿನವರನ್ನು ದೂರುವುದು ಸುಲಭ. ಆದರೆ ಅವರು ಬರುವ ಮುಂಚೆಯೇ ಕುರ್ಚಿಗಳು ತಾರಸಿಯಲ್ಲಿ ಮಳೆಗೆ ನೆನೆಯುತ್ತಿದ್ದವು. ಮುರಿದ ಬೆತ್ತವನ್ನು ಮತ್ತೆ ಹೆಣೆಯಬಲ್ಲವರನ್ನು ಕರೆಸುವ ಬದಲು, ನಿರುಪಯುಕ್ತ ಎಂಬ ಷರಾ ಬರೆದು ಕಡತ ಮುಚ್ಚುವ ಕಚೇರಿಯ ಪದ್ಧತಿಯೇ ಇಲ್ಲಿ ಮೊದಲ ನಷ್ಟಕ್ಕೆ ಕಾರಣ. ದಿನಬಳಕೆಯದು, ಸರ್ಕಾರದ್ದು, ಸಾಧಾರಣವಾದದ್ದು ಬೆಲೆಬಾಳುವಂಥದ್ದಾಗಿರಲಾರದು ಎಂಬ ನಂಬಿಕೆ ಆ ಪದ್ಧತಿಯ ಹಿಂದಿದೆ. ಕಟ್ಟಡಗಳನ್ನು ಕಾಡುತ್ತಿರುವುದೂ ಇದೇ ನಂಬಿಕೆ.

ಜವಾನನ ಮನೆ, ಕೋಠಿಯ ಮನೆ

ಚಂಡೀಗಢದ ಸರ್ಕಾರಿ ವಸತಿಯನ್ನು ಹದಿಮೂರು ದರ್ಜೆಗಳಲ್ಲಿ ಯೋಜಿಸಲಾಗಿತ್ತು. ಮುಖ್ಯಮಂತ್ರಿಯದು ಮೇಲಿನ ಕೊನೆ, ಜವಾನರದು ಕೆಳಗಿನ ಕೊನೆ. ಆ ಕೊನೆಯ ದರ್ಜೆಯ ಮನೆಯಲ್ಲೇ ಈ ನಗರದ ನಿಜವಾದ ಹೊಸತನವಿತ್ತು. ಎರಡು ಕೋಣೆ, ಅಡುಗೆಮನೆ, ವರಾಂಡ, ಸ್ವಂತ ಬಚ್ಚಲು ಮತ್ತು ಶೌಚಾಲಯ, ಬೇಸಿಗೆಯಲ್ಲಿ ಮಲಗಲು ಹಿತ್ತಿಲ ಅಂಗಳ. ಅಂದಿನ ಭಾರತದಲ್ಲಿ ಕಚೇರಿಯ ಕೆಳಗಿನ ನೌಕರನಿಗೆ ಇಷ್ಟನ್ನು ಹಕ್ಕಿನಂತೆ ಕೊಟ್ಟ ಊರುಗಳು ತೀರ ಕಡಿಮೆ. ಈ ಮನೆಗಳಿಗಾಗಿ ಜೇನ್ ಡ್ರೂ ಪಟ್ಟ ಶ್ರಮ ದೊಡ್ಡದು.

ಇಂದು ಅತಿ ಹೆಚ್ಚು ಅಪಾಯದಲ್ಲಿರುವುದೂ ಇಂಥ ಮನೆಗಳೇ. ಅವು ಒಂದೆರಡು ಅಂತಸ್ತಿನವು. ನಿಂತಿರುವ ನೆಲ ಈಗ ಚಿನ್ನ. ಇಟ್ಟಿಗೆಯ ಮೇಲೆ ಬಣ್ಣ ಬಳಿದಿದೆ, ಜಾಲಂಧ್ರಗಳನ್ನು ಮುಚ್ಚಿ ಏಸಿ ಕೂರಿಸಲಾಗಿದೆ, ಅಂಗಳಕ್ಕೆ ತಗಡು ಹೊದಿಸಲಾಗಿದೆ. ವಾಸಿಸುವವರನ್ನು ಇದಕ್ಕೆ ದೂರುವಂತಿಲ್ಲ. ಬೆಳೆದ ಸಂಸಾರಕ್ಕೆ ಕೋಣೆ ಬೇಕು. ಹೇಗೆ ವಿಸ್ತರಿಸಬಹುದೆಂದು ಅವರಿಗೆ ಸರಿಯಾದ ನಕ್ಷೆ ಬರೆದುಕೊಡಬೇಕಾದವರು ಬರೆದುಕೊಡಲಿಲ್ಲ.

ಸಿರಿವಂತರ ಸೆಕ್ಟರುಗಳಲ್ಲಿ ಕಥೆ ಬೇರೆ. ದೊಡ್ಡ ನಿವೇಶನದ ಕೋಠಿಗಳನ್ನು ವಾರಸುದಾರರು ಪಾಲು ಮಾಡಿಕೊಂಡರು, ಬಿಲ್ಡರುಗಳು ಪಾಲುಗಳನ್ನು ಕೊಂಡರು. 2001ರಲ್ಲಿ ಬಂದ ಅಪಾರ್ಟ್‌ಮೆಂಟ್ ನಿಯಮಗಳನ್ನು ಜನರ ವಿರೋಧದಿಂದ 2007ರಲ್ಲಿ ಹಿಂದಕ್ಕೆ ಪಡೆದರೂ ಒಳದಾರಿಯಲ್ಲಿ ವ್ಯವಹಾರ ಮುಂದುವರಿಯಿತು. ನಿವಾಸಿಗಳ ಸಂಘ ಸುಪ್ರೀಂ ಕೋರ್ಟಿನವರೆಗೆ ಹೋದದ್ದು ಇದರ ವಿರುದ್ಧ. ತೀರ್ಪು ಮೊದಲ ಹಂತದ ಸೆಕ್ಟರುಗಳಲ್ಲಿ ಮೂರಕ್ಕಿಂತ ಹೆಚ್ಚು ಅಂತಸ್ತು ಬೇಡವೆಂದಿತು. ಜನಸಾಂದ್ರತೆ ಹೆಚ್ಚಿಸುವ ಯಾವ ನಿಯಮಕ್ಕೂ ಪರಂಪರಾ ಸಮಿತಿಯ ಸಮಾಲೋಚನೆ ಮತ್ತು ಕೇಂದ್ರದ ಒಪ್ಪಿಗೆ ಬೇಕೆಂದಿತು. ಅದಕ್ಕೂ ಮುಂಚೆ, 2019ರ ನವೆಂಬರಿನಲ್ಲಿ, ಕ್ಯಾಪಿಟಲ್‌ನ ಉತ್ತರಕ್ಕೆ ಸುಖ್ನಾ ವನ್ಯಧಾಮದ ಅಂಚಿನಲ್ಲೇ ಏಳಲಿದ್ದ ಬಹುಮಹಡಿ ಗೋಪುರಗಳ ಯೋಜನೆಯನ್ನೂ ಸುಪ್ರೀಂ ಕೋರ್ಟು ತಡೆದಿತ್ತು. ಹೈಕೋರ್ಟು, ವಿಧಾನಸಭೆಗಳ ಹಿಂದೆ ಬೆಟ್ಟದ ಸಾಲು ಬಿಚ್ಚಿಕೊಂಡು ಕಾಣಬೇಕೆಂಬುದು ಮೂಲ ಯೋಜನೆಯ ಜೀವಾಳ. ಆ ನೋಟ ಉಳಿದದ್ದು ವನ್ಯಜೀವಿಗಳ ಕಾನೂನಿನ ಬಲದಿಂದ.

2023ರ ತೀರ್ಪಿನ ಬಗ್ಗೆ ಅಸಮಾಧಾನವೂ ಇದೆ, ಅದನ್ನು ಹಗುರವಾಗಿ ಕಾಣುವಂತಿಲ್ಲ. ಐದು ಲಕ್ಷ ಜನರಿಗೆಂದು ಕಟ್ಟಿದ ಊರಿನ ಜನಸಂಖ್ಯೆ 2011ರ ಜನಗಣತಿಯ ಹೊತ್ತಿಗೇ ಹತ್ತು ಲಕ್ಷ ದಾಟಿತ್ತು. ನಡುವಣ ಸೆಕ್ಟರುಗಳು ವಿರಳವಾಗಿ, ದುಬಾರಿಯಾಗಿ ಉಳಿದರೆ ಯುವಕರು, ಬಾಡಿಗೆದಾರರು, ಕೂಲಿಕಾರರು ಮೊಹಾಲಿ, ಪಂಚಕುಲಾಗಳತ್ತ ಸರಿಯುತ್ತಲೇ ಇರುತ್ತಾರೆ. ಸಿರಿವಂತರ ಹುಲ್ಲುಹಾಸನ್ನು ಪರಂಪರೆಯ ಹೆಸರಿನಲ್ಲಿ ಕಾಯ್ದು, ಜವಾನರ ಮನೆಗಳನ್ನು ಹಳತೆಂದು ಕೆಡವುವುದಾದರೆ ಅದು ಈ ನಗರದ ಮೂಲ ಆಶಯಕ್ಕೇ ಬಗೆದ ದ್ರೋಹ. ಸಂರಕ್ಷಣೆಯ ನ್ಯಾಯ ಎರಡು ಕಡೆಗೂ ಒಂದೇ ಆಗಿರಬೇಕು.

ಕಾಂಕ್ರೀಟಿಗೂ ಕಾಯಿಲೆ

ಕಾಂಕ್ರೀಟು ಶಾಶ್ವತ ಎಂದು 1950ರ ದಶಕದ ಎಂಜಿನಿಯರುಗಳು ನಂಬಿದ್ದರು. ಅದು ಹಾಗಲ್ಲ. ಹೊಸ ಕಾಂಕ್ರೀಟಿನ ಕ್ಷಾರಗುಣ ಒಳಗಿನ ಕಬ್ಬಿಣದ ಸರಳಿಗೆ ರಕ್ಷೆ. ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ವರ್ಷಾಂತರಗಳಲ್ಲಿ ಮೆಲ್ಲಗೆ ಒಳಗಿಳಿದು ಆ ಕ್ಷಾರಗುಣವನ್ನು ಕಳೆಯುತ್ತದೆ. ಆಮೇಲೆ ತೇವ ತಾಗಿದ ಸರಳು ತುಕ್ಕು ಹಿಡಿಯುತ್ತದೆ. ತುಕ್ಕು ಉಬ್ಬಿ, ಮೇಲಿನ ಕಾಂಕ್ರೀಟನ್ನು ಚಕ್ಕೆಚಕ್ಕೆಯಾಗಿ ಎಬ್ಬಿಸುತ್ತದೆ. ಸರಳಿನ ಮೇಲಿನ ಹೊದಿಕೆ ತೆಳುವಾದಷ್ಟೂ ಇದು ಬೇಗ. ಕೈಯಿಂದ ಕಲಸಿ, ತಲೆಯ ಮೇಲೆ ಬಾಣಲೆ ಹೊತ್ತು ಸುರಿದ ಕಾಂಕ್ರೀಟಿನಲ್ಲಿ ಹೊದಿಕೆ ಎಲ್ಲೆಡೆ ಒಂದೇ ಸಮವಾಗಿರುವುದು ಅಪರೂಪ.

ಹಳೆಯ ಕಲ್ಲಿನ ಗುಡಿಯನ್ನು ರಿಪೇರಿ ಮಾಡುವ ವಿದ್ಯೆ ನಮ್ಮಲ್ಲಿ ಶತಮಾನಗಳಿಂದ ಇದೆ. ಗಿಲಾವು ಮಾಡದೆ ಬಿಟ್ಟ ಕಾಂಕ್ರೀಟನ್ನು ರಿಪೇರಿ ಮಾಡುವುದು ಹೊಸ ವಿದ್ಯೆ. ಲ ಕಾರ್ಬೂಸಿಯೆ ಸೆಂಟ್ರಿಂಗ್ ಹಲಗೆಯ ಗೀರುಗಳನ್ನು, ಕೀಲುಗಳನ್ನು ಮುಚ್ಚದೆ ಉಳಿಸಿದ್ದು ಬೇಕೆಂದೇ. ಕೆಲಸಗಾರರ ಕೈಗುರುತು ಅದರಲ್ಲಿದೆ. ಕಿತ್ತುಹೋದಲ್ಲಿ ಮಾಮೂಲಿ ಸಿಮೆಂಟು ಮೆತ್ತಿದರೆ ಬಣ್ಣ ಬೇರೆಯಾಗಿ ತೇಪೆ ಹಾಕಿದಂತೆ ಎದ್ದು ಕಾಣುತ್ತದೆ. ಒಳಗಿನ ತುಕ್ಕು ತೆಗೆಯದೆ ಮೆತ್ತಿದರೆ ಕೆಲವೇ ಮಳೆಗಾಲಗಳಲ್ಲಿ ಮತ್ತೆ ಬೀಳುತ್ತದೆ. ಮೂಲ ಮಿಶ್ರಣದ ಮರಳು, ಜಲ್ಲಿ, ಸಿಮೆಂಟನ್ನು ಪರೀಕ್ಷಿಸಿ ಅದಕ್ಕೆ ಹೊಂದುವ ಮಿಶ್ರಣ ತಯಾರಿಸಬೇಕು. ಲೋಕೋಪಯೋಗಿ ಇಲಾಖೆಯ ದರಪಟ್ಟಿಯಲ್ಲಿ ಇಂಥ ಕೆಲಸಕ್ಕೆ ಸಾಲು ಇರುವುದಿಲ್ಲ; ಅತಿ ಕಡಿಮೆ ಟೆಂಡರು ಕೂಗಿದವರು ಇದನ್ನು ಮಾಡುವುದೂ ಇಲ್ಲ.

ಚಂಡೀಗಢದಲ್ಲಿ ಒಳ್ಳೆಯ ಆರಂಭಗಳೂ ಆಗಿವೆ. ಅಮೆರಿಕದ ಗೆಟ್ಟಿ ಪ್ರತಿಷ್ಠಾನದ ಆಧುನಿಕ ಕಟ್ಟಡಗಳ ಯೋಜನೆಯಡಿ ಪಂಜಾಬ್ ವಿಶ್ವವಿದ್ಯಾಲಯದ ಗಾಂಧಿ ಭವನಕ್ಕೆ 2015ರಲ್ಲಿ, ಸರ್ಕಾರಿ ವಸ್ತುಸಂಗ್ರಹಾಲಯ ಮತ್ತು ಕಲಾಗ್ಯಾಲರಿಗೆ 2017ರಲ್ಲಿ ನೆರವು ಸಿಕ್ಕಿತು. ನೀರಿನ ನಡುವೆ ಅರಳಿದಂತಿರುವ ಗಾಂಧಿ ಭವನ ಜಾನ್‌ರೆಯ ಕೃತಿ. ಈ ಹಣದಲ್ಲಿ ಆದದ್ದು ಮುಖ್ಯವಾಗಿ ಅಧ್ಯಯನ: 

ಕಟ್ಟಡ ಎಲ್ಲಿ ಸೋರುತ್ತಿದೆ, ಯಾವುದು ಮೂಲದ್ದು, ಯಾವುದು ನಂತರ ಸೇರಿದ್ದು, ಯಾವುದನ್ನು ಮೊದಲು ಸರಿಪಡಿಸಬೇಕು ಎಂಬ ಲಿಖಿತ ಯೋಜನೆ.

ಇದರ ಬೆಲೆ ತಿಳಿಯಲು ಮೂರು ಒಡಹುಟ್ಟುಗಳನ್ನು ನೋಡಬೇಕು. ಸುರುಳಿಯಾಗಿ ಬೆಳೆಯುತ್ತ ಹೋಗಬಲ್ಲ ವಸ್ತುಸಂಗ್ರಹಾಲಯ ಎಂಬ ಒಂದೇ ಕಲ್ಪನೆಯಿಂದ ಲ ಕಾರ್ಬೂಸಿಯೆ ಅಹಮದಾಬಾದ್, ಟೋಕಿಯೊ, ಚಂಡೀಗಢಗಳಲ್ಲಿ ಮೂರು ಕಟ್ಟಡ ರೂಪಿಸಿದರು. ಟೋಕಿಯೊದ್ದಕ್ಕೆ 1998ರ ಹೊತ್ತಿಗೆ ಅಡಿಪಾಯದ ಕೆಳಗೆ ಭೂಕಂಪ ತಡೆಯುವ ವ್ಯವಸ್ಥೆ ಅಳವಡಿಸಲಾಯಿತು. ಅದು ಯುನೆಸ್ಕೊ ಪಟ್ಟಿಯಲ್ಲಿದೆ, ಜನರಿಂದ ತುಂಬಿದೆ. ಅಹಮದಾಬಾದಿನ ಸಂಸ್ಕಾರ ಕೇಂದ್ರ ವರ್ಷಗಟ್ಟಲೆ ಬಾಗಿಲು ಮುಚ್ಚಿಕೊಂಡು ಶಿಥಿಲವಾಯಿತು. ಚಂಡೀಗಢದ್ದು ಇವೆರಡರ ನಡುವೆ ನಿಂತಿದೆ. ನಕ್ಷೆ ಒಬ್ಬರದೇ, ಸಾಮಗ್ರಿಯೂ ಒಂದೇ ಬಗೆಯದು. ಬೇರೆಯಾದದ್ದು ನೋಡಿಕೊಂಡ ರೀತಿ.

ಅಹಮದಾಬಾದಿನ ಐಐಎಂ ಕೂಡ ಇದೇ ಪಾಠ ಹೇಳುತ್ತದೆ. ಲೂಯಿ ಕಾನ್ ಕಟ್ಟಿದ ಅದರ ಗ್ರಂಥಾಲಯವನ್ನು ಅಚ್ಚುಕಟ್ಟಾಗಿ ದುರಸ್ತಿ ಮಾಡಿದ್ದಕ್ಕೆ 2019ರಲ್ಲಿ ಯುನೆಸ್ಕೊ ಪ್ರಶಸ್ತಿ ಬಂತು. ಮರುವರ್ಷ ಅದೇ ಸಂಸ್ಥೆ 18 ವಿದ್ಯಾರ್ಥಿನಿಲಯಗಳಲ್ಲಿ 14ನ್ನು ಕೆಡವುವುದಾಗಿ ಪ್ರಕಟಿಸಿತು. ಜಗತ್ತಿನೆಲ್ಲೆಡೆಯಿಂದ ಪ್ರತಿಭಟನೆ ಬಂದಮೇಲೆ 2021ರ ಮೊದಲ ದಿನವೇ ಆ ನಿರ್ಧಾರ ಹಿಂದಕ್ಕೆ ಹೋಯಿತಾದರೂ, 2022ರಲ್ಲಿ ದುರಸ್ತಿಯ ಬದಲು ಮರುನಿರ್ಮಾಣದ ಮಾತು ಮತ್ತೆ ಎದ್ದಿತು.

ಬಳಕೆಯ ಒತ್ತಡ

ಸ್ಮಾರಕವಾಗಿ ನಿಂತ ಕಟ್ಟಡಕ್ಕೆ ಬೇಲಿ ಹಾಕಿ ಟಿಕೆಟ್ ಇಡಬಹುದು. ಚಂಡೀಗಢದ ಕಟ್ಟಡಗಳಿಗೆ ಆ ಅನುಕೂಲವಿಲ್ಲ. ಅವು ಬೆಳಗಾದರೆ ಕೆಲಸ ಮಾಡಬೇಕು. ಹೈಕೋರ್ಟನ್ನು ಕಟ್ಟಿದ್ದು ಮುಖ್ಯ ನ್ಯಾಯಮೂರ್ತಿಗಳದು ಸೇರಿ ಒಂಬತ್ತು ಕೋರ್ಟು ಹಾಲುಗಳಿಗೆ. ಇಂದು ಅಲ್ಲಿ ಮಂಜೂರಾದ ನ್ಯಾಯಮೂರ್ತಿಗಳ ಹುದ್ದೆ 85. ವಿಧಾನಸಭೆಯನ್ನು ಒಂದು ರಾಜ್ಯಕ್ಕೆಂದು ಕಟ್ಟಿದರು. 1966ರಲ್ಲಿ ಹರಿಯಾಣ ಹುಟ್ಟಿತು, ವಿಧಾನ ಪರಿಷತ್ತಿಗೆಂದು ಮಾಡಿದ್ದ ಸಭಾಂಗಣದಲ್ಲಿ ಅದರ ಶಾಸಕರು ಕೂರತೊಡಗಿದರು. ಹರಿಯಾಣ ಪ್ರತ್ಯೇಕ ಕಟ್ಟಡ ಕೇಳುತ್ತಿದೆ, ಪಂಜಾಬ್ ಒಪ್ಪುತ್ತಿಲ್ಲ. 1995ರಲ್ಲಿ ಪಂಜಾಬಿನ ಮುಖ್ಯಮಂತ್ರಿ ಬಿಯಾಂತ್ ಸಿಂಗ್ ಸಚಿವಾಲಯದ ಬಾಗಿಲಲ್ಲೇ ಹತ್ಯೆಯಾದ ಮೇಲೆ, ಜನರೆಲ್ಲ ಓಡಾಡಲೆಂದು ಬಿಟ್ಟಿದ್ದ ಕ್ಯಾಪಿಟಲ್‌ನ ವಿಶಾಲ ಚೌಕ ಮುಳ್ಳುತಂತಿಯ ಪಾಲಾಯಿತು.

ತೀರ ಇತ್ತೀಚಿನ ಪ್ರಕರಣ ಒಂದು ವರಾಂಡದ್ದು. ಒಂದನೆಯ ಕೋರ್ಟು ಹಾಲಿನ ಮುಂದೆ ನೆರಳಿಲ್ಲದೆ ಕಕ್ಷಿದಾರರು ಬಿಸಿಲು ಮಳೆಯಲ್ಲಿ ನಿಲ್ಲುತ್ತಾರೆ, ಉಳಿದ ಹಾಲುಗಳಂತೆ ಇಲ್ಲೂ ವರಾಂಡ ಬೇಕು ಎಂದು 2024ರಲ್ಲಿ ಹೈಕೋರ್ಟು ಆದೇಶಿಸಿತು. ವಿಶ್ವ ಪರಂಪರೆಯ ಮಾನ್ಯತೆಗೆ ಕುತ್ತು ಬರುತ್ತದೆಂದು ಆಡಳಿತ ಸುಪ್ರೀಂ ಕೋರ್ಟಿಗೆ ಹೋಯಿತು. 2025ರ ಮೇನಲ್ಲಿ ಸುಪ್ರೀಂ ಕೋರ್ಟು ವರಾಂಡಕ್ಕೆ ಸಮ್ಮತಿಸಿತು. ಕಟ್ಟಡದ ಮುಖ ಬದಲಾಗುತ್ತದೆಂಬ ಅಳುಕು ಸಹಜ. ಆದರೆ ಬಿಸಿಲಿಗೆ ಸಜ್ಜಾ, ಮಳೆಗೆ ವರಾಂಡ ಎನ್ನುವುದೇ ಈ ವಾಸ್ತುಶಿಲ್ಪದ ಮೂಲ ಪಾಠವಾಗಿದ್ದಾಗ, ನೆರಳು ಕೇಳಿದವರನ್ನು ಪರಂಪರೆಯ ವೈರಿಗಳೆಂದು ಕಾಣುವುದು ಸರಿಯಲ್ಲ. ಕೇಳಬೇಕಾದ್ದು ಆ ವರಾಂಡವನ್ನು ಯಾರು, ಯಾವ ಅಳತೆಯಲ್ಲಿ, ಯಾವ ಸಾಮಗ್ರಿಯಲ್ಲಿ ಬರೆಯುತ್ತಾರೆ ಎಂಬುದನ್ನು.

ಕರ್ನಾಟಕದ ಪಾಲು

ಚಂಡೀಗಢಕ್ಕೂ ಮುಂಚೆ ಆಧುನಿಕ ವಾಸ್ತುಶಿಲ್ಪ ಮೈಸೂರು ಸಂಸ್ಥಾನಕ್ಕೆ ಬಂದಿತ್ತು. ನಾಜಿಗಳಿಂದ ತಪ್ಪಿಸಿಕೊಂಡು ಬಂದ ಬರ್ಲಿನ್‌ನ ಒಟ್ಟೊ ಕ್ಯೋನಿಗ್ಸ್‌ಬರ್ಗರ್ 1939ರಲ್ಲಿ ಇಲ್ಲಿ ಸರ್ಕಾರಿ ವಾಸ್ತುಶಿಲ್ಪಿಯಾಗಿ ಸೇರಿದರು. ಭಾರತೀಯ ವಿಜ್ಞಾನ ಸಂಸ್ಥೆಯ ಹಲವು ಕಟ್ಟಡಗಳು, ಬಸವನಗುಡಿಯ ಕೃಷ್ಣರಾವ್ ಉದ್ಯಾನದ ಮಂಟಪ ಅವರ ಕೊಡುಗೆ. 1948ರಲ್ಲಿ ಭುವನೇಶ್ವರದ ನಕ್ಷೆ ಬರೆದವರೂ ಅವರೇ. ಉಷ್ಣವಲಯದ ವಾಸ್ತುಶಿಲ್ಪವನ್ನು ಒಂದು ಶಾಸ್ತ್ರವಾಗಿ ಅವರು ಮುಂದೆ ಲಂಡನ್ನಿನಲ್ಲಿ ಕಲಿಸಿದರು. ಆ ತಿಳಿವಳಿಕೆಯ ಬೇರು ಬೆಂಗಳೂರಿನ ಅನುಭವದಲ್ಲಿದೆ. 1963ರಲ್ಲಿ ತೆರೆದ ರವೀಂದ್ರ ಕಲಾಕ್ಷೇತ್ರ, ಐಟಿಐ, ಎಚ್‌ಎಂಟಿ, ಬಿಇಎಲ್‌ಗಳ ನೌಕರರ ಕಾಲೊನಿಗಳು, ಚಾರ್ಲ್ಸ್ ಕೊರಿಯಾ ರೂಪಿಸಿದ ವಿಶ್ವೇಶ್ವರಯ್ಯ ಗೋಪುರ, ಆಮೇಲೆ ಬಿ.ವಿ. ದೋಶಿಯವರ ಐಐಎಂ ಇವೆಲ್ಲ ಅದೇ ಕಾಲಘಟ್ಟದ ಮುಂದುವರಿಕೆ. ಪರಂಪರೆ ಎಂದಾಗ ಅರಮನೆ, ಅಠಾರಾ ಕಚೇರಿಗಳನ್ನು ನೆನೆಯುವ ನಾವು ಇವನ್ನು ನೆನೆಯುವುದಿಲ್ಲ. ಸಾಮಾನ್ಯ ಕುಟುಂಬಗಳಿಗೆ ಮೊದಲ ಬಾರಿ ಗಾಳಿಬೆಳಕಿನ ಮನೆ, ಗೌರವದ ಕೆಲಸ, ನಾಟಕ ನೋಡಲು ಜಾಗ ಕೊಟ್ಟದ್ದು ಈ ಕಟ್ಟಡಗಳು.

ಆಗಬೇಕಾದ ಕೆಲಸ

ಮೊದಲನೆಯದು ಕಾನೂನಿನ ತಿದ್ದುಪಡಿ. ನೂರು ವರ್ಷದ ಅಳತೆಯ ಜೊತೆಗೆ, ಮೂವತ್ತೋ ನಲವತ್ತೋ ವರ್ಷ ದಾಟಿದ ಕಟ್ಟಡಗಳನ್ನು ಅವುಗಳ ಯೋಗ್ಯತೆಯ ಮೇಲೆ ಪರಿಗಣಿಸುವ ಎರಡನೆಯ ಪಟ್ಟಿ ಬೇಕು. ಪರಿಗಣನೆ ನಡೆಯುವಷ್ಟು ಕಾಲ ಕೆಡವುವುದಕ್ಕೆ ತಡೆ ಬೇಕು.

ಎರಡನೆಯದು ಮಾಲೀಕರ ನಷ್ಟಕ್ಕೆ ಪರಿಹಾರ. ಇಸ್ರೇಲಿನ ಟೆಲ್ ಅವೀವ್ ನಗರ ಸುಮಾರು 1,000 ಆಧುನಿಕ ಕಟ್ಟಡಗಳನ್ನು ಸಂರಕ್ಷಣಾ ಪಟ್ಟಿಗೆ ಸೇರಿಸಿತು. ಅತಿ ಮಹತ್ವದವುಗಳ ಮೇಲೆ ಅಂತಸ್ತು ಏರಿಸಲು ಬಿಡದೆ, ಆ ಹಕ್ಕನ್ನು ಬೇರೆ ಕಡೆ ಮಾರಿಕೊಳ್ಳಲು ಅವಕಾಶ ಕೊಟ್ಟಿತು. ಉಳಿದವಕ್ಕೆ ಮಿತಿಯೊಳಗೆ ಅಂತಸ್ತು ಸೇರಿಸಲು ಬಿಟ್ಟು, ಬದಲಿಗೆ ದುರಸ್ತಿ ಮಾಡಿಸಿಕೊಂಡಿತು. ಬೆಂಗಳೂರಿನವರಿಗೆ ರಸ್ತೆ ಅಗಲೀಕರಣದಿಂದ ಪರಿಚಿತವಾಗಿರುವ ಟಿಡಿಆರ್ ಇದೇ. ಅದನ್ನು ಕೆಡವುವುದಕ್ಕಲ್ಲದೆ ಉಳಿಸುವುದಕ್ಕೂ ಬಳಸಬಹುದು.

ಮೂರನೆಯದು ದುರಸ್ತಿಯ ವಿದ್ಯೆ. ಲೋಕೋಪಯೋಗಿ ಇಲಾಖೆಗಳ ದರಪಟ್ಟಿಯಲ್ಲಿ ಆಧುನಿಕ ಕಾಂಕ್ರೀಟಿನ ಸಂರಕ್ಷಣೆಗೆ ಪ್ರತ್ಯೇಕ ಬಾಬು, ಅದನ್ನು ಬಲ್ಲ ಮೇಸ್ತ್ರಿಗಳಿಗೆ ತರಬೇತಿ, ಟೆಂಡರಿನಲ್ಲಿ ಕಡಿಮೆ ದರದ ಬದಲು ಅನುಭವಕ್ಕೆ ಆದ್ಯತೆ ಬೇಕು. ದಾಖಲೆಯೂ ಇದರ ಭಾಗ. ಜಾನ್‌ರೆಯ ಕಾಗದಪತ್ರಗಳು ಕೆನಡಾದ ಮಾಂಟ್ರಿಯಲ್‌ನಲ್ಲಿ ಜೋಪಾನವಾಗಿವೆ. ಭಾರತೀಯ ವಾಸ್ತುಶಿಲ್ಪಿಗಳ ನಕ್ಷೆಗಳು, ಲೆಕ್ಕಪತ್ರಗಳು ಅದೇ ಜತನಕ್ಕೆ ಅರ್ಹ.

ನಾಲ್ಕನೆಯದು ಚಂಡೀಗಢ ಆಡಳಿತ ತನ್ನ ಅಧಿಕಾರದಲ್ಲೇ ಕೈಗೊಳ್ಳಬಹುದಾದ ಕೆಲಸ. ಹದಿಮೂರು ದರ್ಜೆಯ ಸರ್ಕಾರಿ ಮನೆಗಳಲ್ಲಿ ಪ್ರತಿ ದರ್ಜೆಯದೂ ಒಂದು ಸಾಲನ್ನು ಪೂರ್ತಿಯಾಗಿ ಗುರುತಿಸಿ, ಮೂಲ ಇಟ್ಟಿಗೆ, ಜಾಲಂಧ್ರ, ಅಂಗಳಗಳೊಂದಿಗೆ ದುರಸ್ತಿ ಮಾಡಿ, ಇಂದಿನ ಬಚ್ಚಲು, ಅಡುಗೆಮನೆ, ವಿದ್ಯುತ್ ವ್ಯವಸ್ಥೆ ಸೇರಿಸಿ, ನೌಕರರಿಗೇ ವಾಸಕ್ಕೆ ಕೊಡಬೇಕು. ಮನೆಗಳು ಸರ್ಕಾರದವೇ ಆದ್ದರಿಂದ ಭೂಸ್ವಾಧೀನ ಬೇಡ, ಹೊಸ ಕಾಯ್ದೆಯೂ ಬೇಡ. ಜಾನ್‌ರೆ ವಾಸಿಸಿದ ಸೆಕ್ಟರ್ 5ರ ಮನೆಯನ್ನು ವಸ್ತುಸಂಗ್ರಹಾಲಯ ಮಾಡಿದ ಆಡಳಿತಕ್ಕೆ ಕೆಲಸದ ಕ್ರಮ ಗೊತ್ತಿದೆ. ಮೊದಲು ಕಟ್ಟಿದ ಸೆಕ್ಟರ್ 22ರ ಸಣ್ಣ ಮನೆಗಳಿಂದ ಅದನ್ನು ಆರಂಭಿಸಬಹುದು. ಅವುಗಳ ಸರಳು ಇನ್ನಷ್ಟು ತುಕ್ಕು ಹಿಡಿಯುವ ಮುನ್ನ ಆರಂಭಿಸಿದರೆ ಖರ್ಚೂ ಕಡಿಮೆ.